ಅಕ್ಕಾರ ಮುಯ್ಯಿ

ಕುಷ್ಟಗಿಯ ನನ್ನ ಗೊಬ್ಬರದ ಅಂಗಡಿಯ ಹಿಂಭಾಗದಲ್ಲಿ ಕುಡಿಯುವ ನೀರಿನ ಹರವಿ ಇದೆ. ಹರವಿಯ ಪಕ್ಕ ಒಂದು ಕಲ್ಲಿನ ಕಟ್ಟೆ. ಬೇಸಿಗೆಯಲ್ಲಿ ಇಡೀ ಅಂಗಡಿಯಲ್ಲಿ ತಣ್ಣಗಿರುವ ಜಾಗವೆಂದರೆ ಅದೊಂದೇ. ಊಟ ಮುಗಿಸಿ ಆ ಕಟ್ಟೆಯ ಮೇಲೆ ಮೈಚಾಚಿ ಒಂದು ನಿದ್ದೆ ತೆಗೆಯುವುದು ನನ್ನ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಅದು ತಪ್ಪಿ ಎಷ್ಟೋ ವರ್ಷಗಳಾದವು. ತಪ್ಪಿಸಿದವರು ಅಕ್ಕಾರು. ಹೋದ ತಿಂಗಳು ಅವರು ತೀರಿಕೊಂಡರು. ಮನೆಯಲ್ಲಿ ಹೆಂಡತಿ, "ಇನ್ನರ ಆ ಕಟ್ಟಿ ಮ್ಯಾಲ ಮಕ್ಕೊಳ್ರಿ, ಕೇಳವ್ರು ಯಾರೂ ಇಲ್ಲ" ಎಂದಳು. ನನಗೆ ಮನಸ್ಸಾಗಲಿಲ್ಲ. ಮನಸ್ಸಾಗಿದ್ದರೂ ಅಲ್ಲಿ ಜಾಗವಿಲ್ಲ.

ಅಕ್ಕಾರು ಎಂಬುದು ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವ ಮಾತು. ಇವರು ಸಾಲಿಯಲ್ಲಿ ಕಲಿಸಿದವರಲ್ಲ. ಕೊಪ್ಪಳದ ಒಂದು ಸಣ್ಣ ಸರ್ಕಾರಿ ಲ್ಯಾಬಿನಲ್ಲಿ ಬೆಳೆಗೆ ಬೇಕಾದ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಪುಡಿಗೆ ಬೆರೆಸಿ, ಪಾಕೀಟು ಮಾಡಿ ರೈತರಿಗೆ ಮುಟ್ಟಿಸುವ ಕೆಲಸ ಅವರದು. ಆದರೆ ಎದುರಿಗೆ ಯಾರೇ ನಿಂತರೂ ಕಲಿಸದೆ ಬಿಡುತ್ತಿರಲಿಲ್ಲವಾದ್ದರಿಂದ ಜನ ತಾವಾಗಿಯೇ ಅಕ್ಕಾರು ಮಾಡಿಬಿಟ್ಟಿದ್ದರು. ನನ್ನನ್ನು ಅವರು ಸಾವಕಾರ ಎನ್ನುತ್ತಿದ್ದರು. ನನ್ನ ಸಾವಕಾರಿಕೆ ಎಷ್ಟರದು ಎಂಬುದು ಗೊತ್ತಿದ್ದೇ ಹಾಗೆನ್ನುತ್ತಿದ್ದರು.

ಮೊದಲ ಸಲ ಅವರು ಅಂಗಡಿಗೆ ಬಂದದ್ದು ರಣಬಿಸಿಲಿನ ಒಂದು ಮಧ್ಯಾಹ್ನ. ನಾನು ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದೆ. ಎದ್ದು ನೋಡಿದರೆ, ಕನ್ನಡಕ ಹಾಕಿಕೊಂಡ ಎತ್ತರದ ಹೆಂಗಸೊಬ್ಬರು ತಗಡಿನ ಮಾಡಿಗೆ ತಾಗುವಂತಿದ್ದ ಮೇಲಿನ ಹಲಗೆಗೆ ಕೈಚಾಚಿ, ಅಲ್ಲಿದ್ದ ಜೀವಾಣು ಗೊಬ್ಬರದ ಪಾಕೀಟುಗಳಿಗೆ ಅಂಗೈಯ ಹಿಂಬದಿ ಹಚ್ಚಿ ನೋಡುತ್ತಿದ್ದರು. ಮಕ್ಕಳ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ.

"ಇವಕ್ಕ ಜ್ವರ ಬಂದಾವ್ರಿ ಸಾವಕಾರ್ರ."

"ಏನ್ರಿ?"

"ಜ್ವರ ಏನು, ಸತ್ತ ಹೋಗ್ಯಾವ. ಸತ್ತವನ್ನ ಮಾರಾಕತ್ತೀರಿ ನೀವು."

"ಅದು ಪುಡಿ ಐತ್ರಿ. ಪುಡಿ ಎಲ್ಲಿ ಸಾಯ್ತೈತಿ?"

ಅವರು ಅಂಗಡಿಯನ್ನೆಲ್ಲ ಒಂದು ಸುತ್ತು ಕಣ್ಣಾಡಿಸಿ, ಅಲ್ಲಿ ಕೂತಿದ್ದ ಗಿರಾಕಿಗಳ ಎದುರಿಗೇ ಕೇಳಿದರು: "ನೀವು ಮಧ್ಯಾಹ್ನ ಎಲ್ಲಿ ಮಕ್ಕೊಂತೀರಿ?"

ಗಿರಾಕಿಗಳು ನಕ್ಕರು. ನನಗೆ ನಾಚಿಕೆಯಾಯಿತು. ಇದೆಂಥ ಪ್ರಶ್ನೆ ಎಂದು ನಾನು ತಡವರಿಸುವಷ್ಟರಲ್ಲಿ ಅವರ ಕಣ್ಣಿಗೆ ಕಟ್ಟೆಯೂ ದಿಂಬೂ ಬಿದ್ದಿದ್ದವು. ಅಂಗಡಿಕಾರ ಎಲ್ಲಿ ಮಲಗುತ್ತಾನೋ ಅದೇ ಆ ಅಂಗಡಿಯ ತಣ್ಣನೆಯ ಜಾಗ ಎಂಬುದು ಅವರ ಲೆಕ್ಕಾಚಾರ. ಆ ಭಾಗದ ಅಂಗಡಿಗಳಲ್ಲೆಲ್ಲ ಹೀಗೆಯೇ ಕೇಳಿ ಕಂಡುಹಿಡಿಯುತ್ತಿದ್ದರಂತೆ. ಅಂದು ಸಂಜೆಯ ಹೊತ್ತಿಗೆ ಹೊಸ ಪಾಕೀಟುಗಳು ನನ್ನ ಕಟ್ಟೆಯ ಮೇಲೆ ಬಂದು ಕೂತವು. ನಾನು ಡಿಎಪಿ ಚೀಲಗಳ ಮೇಲೆ ಮಲಗುವುದನ್ನು ಕಲಿತೆ.

ಡಿಎಪಿ ಎಂಬ ರಾಸಾಯನಿಕ ಗೊಬ್ಬರವೇ ನನ್ನ ಅನ್ನ. ಮುಂಗಾರು ಶುರುವಾಯಿತೆಂದರೆ ಅದಕ್ಕಾಗಿ ಅಂಗಡಿಯ ಮುಂದೆ ಬೆಳಗಿನಿಂದ ಸಾಲು. ಅಂಥ ಸಾಲಿನ ಪಕ್ಕದಲ್ಲೇ ನಿಂತು ಅಕ್ಕಾರು ಜನರೊಂದಿಗೆ ಮಾತಿಗಿಳಿಯುತ್ತಿದ್ದರು. ಡಿಎಪಿ ಹಾಕಬೇಡಿ ಎಂದು ಅವರು ಯಾವತ್ತೂ ಹೇಳಲಿಲ್ಲ. "ಹ್ವಾದ ವರ್ಷ ಹಾಕಿದ್ದು ಎಲ್ಲಿ ಹೋತು?" ಎಂದಷ್ಟೇ ಕೇಳುತ್ತಿದ್ದರು. ಬೆಳೆ ತಿಂದಿತು ಎನ್ನುತ್ತಿದ್ದರು ರೈತರು. "ಎಲ್ಲಾ ತಿಂದಿಲ್ಲ. ಭಾಳಷ್ಟು ನಿಮ್ಮ ಹೊಲದಾಗ ಕುಂತೈತಿ. ಕುಂತದ್ದನ್ನ ಎಬ್ಬಸವ್ರು ಇಲ್ಲ, ಅಷ್ಟ."

ಒಮ್ಮೆ ಒಬ್ಬ ರೈತ ವಾದಕ್ಕೆ ನಿಂತ. ಅಕ್ಕಾರು ಅವನು ತೋರಿಸಲು ತಂದಿದ್ದ ಹೊಲದ ಎರೆಮಣ್ಣಿನ ಹೆಂಟೆಯಿಂದ ಬಟಾಣಿಯಷ್ಟು ದೊಡ್ಡ ಬಿಳಿಯ ಸುಣ್ಣದ ಹರಳೊಂದನ್ನು ಆರಿಸಿ ನನ್ನ ಗಲ್ಲಾದ ಮೇಲಿಟ್ಟರು. ಎದುರಿನ ಶರಬತ್ತಿನ ಗಾಡಿಯಿಂದ ನಿಂಬೆಹಣ್ಣು ತರಿಸಿ ಅದರ ಮೇಲೆ ಹಿಂಡಿದರು. ಹರಳು ಸುರ್ ಎಂದು ನೊರೆ ಬಿಟ್ಟಿತು. ಸಾಲಿನಲ್ಲಿದ್ದವರೆಲ್ಲ ಸಾಲು ಬಿಟ್ಟು ಬಂದು ಬಗ್ಗಿ ನೋಡಿದರು.

"ಹುಳಿ ಬಿದ್ರ ಸುಣ್ಣ ಕೈ ಸಡಲ ಬಿಡತೈತಿ ನೋಡ್ರಿ. ಡಿಎಪಿ ಒಳಗಿನ ರಂಜಕ ಐತೆಲ್ಲಾ, ಅದನ್ನ ನಿಮ್ಮ ಎರಿಹೊಲದಾಗಿನ ಸುಣ್ಣ ಗಟ್ಟಿ ಹಿಡಕೊಂಡೈತಿ. ಬೇರು ಪಕ್ಕದಾಗ ಇದ್ರೂ ಅದಕ್ಕ ಸಿಗಂಗಿಲ್ಲ. ಈ ಪಾಕೀಟಿನಾಗಿನ ಜೀವಾಣು ಬೇರಿನ ಮಗ್ಗಲಾಗ ಕುಂತು ಒಂದೀಟು ಒಂದೀಟು ಹುಳಿ ಬಿಡ್ತಾವ. ಸುಣ್ಣ ಕೈ ಬಿಡತೈತಿ, ಬೇರು ತಗೊಂತೈತಿ."

"ಹಂಗಾರ ಹೊಲಕ್ಕ ನಿಂಬಿಹಣ್ಣ ಹಿಂಡಿದ್ರ ಆತಲ್ರಿ?" ಎಂದ ಆ ರೈತ.

"ಹಿಂಡು, ಎಷ್ಟ ಎಕರೆ ಹಿಂಡ್ತೀ ಹಿಂಡು. ಸಾವಕಾರ್ರು ಡಿಎಪಿ ಬಿಟ್ಟು ನಿಂಬಿಹಣ್ಣ ತರಸ್ತಾರ" ಎಂದರು ಅಕ್ಕಾರು. ಆ ನಗುವಿನ ನಡುವೆಯೇ ಅವನ ಕೈಗೆ ಒಂದು ಪಾಕೀಟು ಹೋಗಿತ್ತು. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚುವುದು, ನೆರಳಲ್ಲಿ ಆರಿಸುವುದು, ಡಿಎಪಿ ಜೊತೆ ಒಂದೇ ಬುಟ್ಟಿಯಲ್ಲಿ ಕಲಸದಿರುವುದು, ಇಷ್ಟನ್ನು ಅವನ ಬಾಯಿಂದಲೇ ತಿರುಗಿ ಹೇಳಿಸಿ ಕಳಿಸಿದರು.

ಅವರ ಲ್ಯಾಬಿಗೆ ಒಮ್ಮೆ ಹೋಗಿದ್ದೆ. ಮಜ್ಜಿಗೆಯಂತೆ ಬೆಳ್ಳಗಿನ ಏನನ್ನೋ ತುಂಬಿದ ಗಾಜಿನ ಸಣ್ಣ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತೋರಿಸಿದರು. ಬಿಳುಪಿನ ನಡುವೆ ಅಲ್ಲಲ್ಲಿ ಚುಕ್ಕೆ. ಚುಕ್ಕೆಯ ಸುತ್ತ ಬಳೆಯಾಕಾರದಲ್ಲಿ ಬಿಳುಪು ಹೋಗಿ ತಿಳಿಯಾಗಿತ್ತು. ಆ ಬಿಳುಪೇ ಕರಗದ ರಂಜಕ. ಚುಕ್ಕೆಯೊಳಗಿನ ಜೀವಾಣುಗಳು ಅದನ್ನು ಕರಗಿಸಿಕೊಂಡ ಗುರುತು ಆ ತಿಳಿ ಬಳೆ. "ಇದು ನೋಡ್ರಿ, ಭಾಳ ಶಾಣ್ಯಾ ಐತಿ, ಎಷ್ಟ ದೊಡ್ಡ ಬಳಿ ಮಾಡೇತಿ. ಇದು ಒಂದೀಟು ಮೈಗಳ್ಳ. ಇದಕ್ಕ ಇನ್ನೊಂದ ವಾರ ಟೈಮ್ ಕೊಟ್ಟೀನಿ." ಅಜ್ಜಿಯರು ಮೊಮ್ಮಕ್ಕಳ ಫೋಟೋ ತೋರಿಸುವಾಗ ಮುಖ ಹೇಗಾಗುತ್ತದೋ ಅವರ ಮುಖ ಹಾಗಾಗಿತ್ತು. ನಾನು ಗೊಬ್ಬರ ಮಾರುತ್ತ ತಲೆ ನರೆಸಿಕೊಂಡವನು. ಮಾರುವ ವಸ್ತುವಿನ ಮೇಲೆ ಇಷ್ಟು ಅಕ್ಕರೆ ಇಟ್ಟವರನ್ನು ಅದೇ ಮೊದಲು ನೋಡಿದ್ದು.

ಅವರು ಹುಟ್ಟಿ ಬೆಳೆದದ್ದು ಮುನಿರಾಬಾದಿನ ಡ್ಯಾಮಿನ ಕಾಲೋನಿಯಲ್ಲಿ. ತಂದೆ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದಲ್ಲಿದ್ದರು. ಗಂಡನೂ ಅದೇ ನೀರಾವರಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರದು ಭಾಳ ಕಡಿಮೆ ಮಾತು. ಹೆಂಡತಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮಾತ್ರ ಅವರಿಗೆ ಹೂಂ ಎನ್ನಲು ಎಡೆ ಸಿಗುತ್ತಿತ್ತು. ಅಪ್ಪನಿಗೂ ಹೊಲವಿರಲಿಲ್ಲ, ಗಂಡನಿಗೂ ಇರಲಿಲ್ಲ. ಊರ ಹೊಲಗಳಿಗೆಲ್ಲ ಬುದ್ಧಿ ಹೇಳುವ ಅಕ್ಕಾರಿಗೆ ಕಾಲೂರಲು ಒಂದು ಗುಂಟೆ ನೆಲ ಇಲ್ಲ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಅವರೂ ನಗುತ್ತಿದ್ದರು, ಆದರೆ ನಕ್ಕ ಮೇಲೆ ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದರು.

ಚಹಾಕ್ಕೆ ಸಕ್ಕರೆ ಜಾಸ್ತಿ ಬೇಕು. ಡಾಕ್ಟರು ಬೇಡವೆಂದಿದ್ದರು. ನೆನಪಿಸಿದರೆ ಜಗಳ. "ಗಿಡಾನೂ ಸಕ್ಕರಿ ಕೊಟ್ಟ ಕೆಲಸಾ ಮಾಡಿಸ್ಕೊಂತೈತಿ. ನಾ ಏನ ಬಿಟ್ಟಿ ದುಡೀಲೇನು?"

ಗಿಡ ಸಕ್ಕರೆ ಕೊಡುವ ಸಂಗತಿಯೇ ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮಣ್ಣಿನಲ್ಲಿ ಒಂದು ಬಗೆಯ ಶಿಲೀಂಧ್ರವಿದೆಯಂತೆ. ರೊಟ್ಟಿಗೆ ಹಿಡಿಯುವ ಬೂಷ್ಟಿನ ದೂರದ ನೆಂಟ ಎನ್ನಬಹುದು. ಅದು ಬೇರಿನೊಳಗೆ ಹೊಕ್ಕು ಮನೆ ಮಾಡಿಕೊಂಡು, ಕೂದಲಿಗಿಂತ ಸಣ್ಣ ಎಳೆಗಳನ್ನು ಮಣ್ಣಿನೊಳಗೆ ದೂರದೂರ ಚಾಚುತ್ತದೆ. ಬೇರು ಮುಟ್ಟಲಾಗದ ಕಡೆಯಿಂದೆಲ್ಲ ರಂಜಕವನ್ನು ಹೊತ್ತು ತರುತ್ತದೆ. ಗಿಡ ಅದಕ್ಕೆ ಪ್ರತಿಯಾಗಿ ತಾನು ಬಿಸಿಲಿನಲ್ಲಿ ಮಾಡಿದ ಸಕ್ಕರೆ ಕೊಡುತ್ತದೆ. ಕಾಲುವೆಯ ಮಗಳು ಇದನ್ನು ಕಾಲುವೆಯ ಭಾಷೆಯಲ್ಲೇ ಹೇಳುತ್ತಿದ್ದರು. "ಬೇರು ಅಂದ್ರ ದೊಡ್ಡ ಕಾಲವಿ. ದೊಡ್ಡ ಕಾಲವಿ ಇದ್ದ ಮಾತ್ರಕ್ಕ ಕಡೀ ಹೊಲಕ್ಕ ನೀರು ಹೊಕ್ಕಾವೇನ್ರಿ? ಹೊಲಗಾಲವಿ ಬೇಕು. ಈ ಎಳಿ ಅದಾವಲ್ಲ, ಇವು ಹೊಲಗಾಲವಿ." ಕಾಲುವೆಯ ಕೊನೆಗೆ ಹೊಲವಿದ್ದು ನೀರಿಗಾಗಿ ಬಡಿದಾಡಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

ಈ ಎಳೆಗಳಿರುವ ಬೇರು-ಮಣ್ಣನ್ನು ಹಸಿ ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಓಡಾಡುವುದು ಅವರ ವಾಡಿಕೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಹೊಸತು. ಮುನಿರಾಬಾದಿನಿಂದ ಕೊಪ್ಪಳಕ್ಕೆ ಹೊರಟ ಬಸ್ಸಿಗೆ ಗಿಣಿಗೇರಾದಲ್ಲಿ ಫ್ಯಾಕ್ಟರಿಯ ಪಾಳಿ ಮುಗಿಸಿದವರು ತುಂಬಿಕೊಂಡಿದ್ದಾರೆ. ಅಕ್ಕಾರ ತೊಡೆಯ ಮೇಲಿನ ಹಸಿ ಚೀಲ ನೋಡಿ ಕಂಡಕ್ಟರ್ ಕೇಳಿದನಂತೆ:

"ಏನೈತ್ರಿ ಇದರಾಗ?"

"ಜೀವಂತ ಅದಾವಪಾ."

"ಕೋಳೀನ್ರಿ? ಕೋಳಿಗೆ ಟಿಕೆಟ್ ಐತ್ರಿ."

"ಕೋಳಿ ಅಲ್ಲ. ಎಣಿಸಾಕ ಬರಲಾರದಷ್ಟು ಅದಾವ."

"ಹಂಗಾರ ಎಲ್ಲಾರಿಗೂ ಟಿಕೆಟ್ ತಗೀರಿ."

"ಎಲ್ಲಾ ಹೆಣ್ಮಕ್ಕಳಪಾ, ಟಿಕೆಟ್ ಇಲ್ಲ."

ಕಂಡಕ್ಟರನೂ ನಮ್ಮ ಕಡೆಯವನೇ. "ಹೌದೇನ್ರಿ? ಎಲ್ಲಾರದೂ ಆಧಾರ್ ಕಾರ್ಡ್ ತೋರಸ್ರಿ" ಎಂದನಂತೆ. ಇದನ್ನು ಹೇಳುವಾಗ ಅಕ್ಕಾರಿಗೆ ನಗು ತಡೆಯಲಾಗದೆ ಚಹಾ ಚೆಲ್ಲಿತ್ತು.

ಆದರೆ ಇಲ್ಲದ್ದನ್ನು ಇದೆ ಎಂದು ಹೇಳಲು ಅವರಿಗೆ ಬರುತ್ತಿರಲಿಲ್ಲ. ಗಂಗಾವತಿ ಕಡೆ ನನ್ನ ಪರಿಚಯದ ಅಂಗಡಿಕಾರನೊಬ್ಬ, ಆಂಧ್ರದಿಂದ ಬಂದು ಭತ್ತ ಬೆಳೆಯುತ್ತ ನೆಲೆಸಿದವರ ಕ್ಯಾಂಪುಗಳಿಗೆಲ್ಲ ಈ ಶಿಲೀಂಧ್ರದ ಚೀಲ ಮಾರಬೇಕೆಂದು ಉತ್ಸಾಹದಿಂದ ಸಭೆ ಕರೆದಿದ್ದ. ಮಾತಾಡಲು ನನ್ನ ಮೂಲಕ ಅಕ್ಕಾರನ್ನೇ ಕರೆಸಿದ. ಅವರು ಎದ್ದು ನಿಂತು ಮೊದಲು ಹೇಳಿದ್ದೇ, "ನಿಮ್ಮ ಗದ್ದಿಗೆ ಇದು ಬ್ಯಾಡ್ರಿ. ನೀರ ನಿಂತಲ್ಲಿ ಇದಕ್ಕ ಉಸಿರು ಕಟ್ಟತೈತಿ" ಎಂದು. ಅಂಗಡಿಕಾರ ನನಗೆ ಫೋನು ಮಾಡಿ ಗೋಳಾಡಿದ. "ಎಂಥಾಕೀನ ಕಳಿಸೀಯೋ ಮಾರಾಯ, ಹಂದರ ಹಾಕಿದ ಮದವಿಗೆ ಬಂದು ವರನ್ನ ವಾಪಸ್ ಕಳಿಸಿದಂಗ ಆತು." ನಾನು ಅಕ್ಕಾರಿಗೆ ಹೇಳಿದೆ. ಅವರು ಪಶ್ಚಾತ್ತಾಪವೇನೂ ಪಡಲಿಲ್ಲ. ಅಲ್ಲಿಯ ಊಟದಲ್ಲಿ ಗೋಂಗೂರ ಪಚ್ಚಡಿ ಬಹಳ ರುಚಿಯಾಗಿತ್ತು ಎಂದರು.

ಈಗ ಮಂಗಳೂರಿನ ಮಾತಿಗೆ ಬರುತ್ತೇನೆ. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ಅಲ್ಲಿ ಹೆಣ್ಣುಮಕ್ಕಳದೊಂದು ಗುಂಪು ಇದೆ. ಎಲ್ಲರೂ ಸಣ್ಣ ಹಿಡುವಳಿಯವರು, ಮುಯ್ಯಾಳು ಪದ್ಧತಿಯಲ್ಲಿ ಕೆಲಸ ಮಾಡುವವರು. ಇವತ್ತು ನಾವೆಲ್ಲ ಸೇರಿ ನಿನ್ನ ಹೊಲದ ಕಳೆ ತೆಗೆದೆವು, ನಾಳೆ ನೀನು ನಮ್ಮ ಹೊಲಕ್ಕೆ ಬಾ, ಕೂಲಿಯ ಮಾತಿಲ್ಲ. ಅದಕ್ಕೆ ಮುಯ್ಯಿ ಎನ್ನುತ್ತಾರೆ. ಈ ಗುಂಪಿನ ಹಿರಿಯಳು ಗಂಗವ್ವ. ಯಾವುದೋ ತರಬೇತಿಯಲ್ಲಿ ಅಕ್ಕಾರ ಮಾತು ಕೇಳಿ, "ಈ ಎಳಿ ನಾವ ಬೆಳಸಾಕ ಬರಂಗಿಲ್ಲೇನ್ರಿ?" ಎಂದು ಕೇಳಿದಳು. ಅಕ್ಕಾರು ಎಷ್ಟೋ ವರ್ಷದಿಂದ ಆ ಪ್ರಶ್ನೆಗಾಗಿಯೇ ಕಾದಿದ್ದರೆಂದು ಕಾಣುತ್ತದೆ. ಮಾರನೆಯ ವಾರವೇ ಹಸಿ ಚೀಲ ಹೊತ್ತು ಮಂಗಳೂರಿಗೆ ಹೋದರು.

ಗಂಗವ್ವನ ಹಿತ್ತಲಲ್ಲಿ ಇಟ್ಟಿಗೆಯ ತೊಟ್ಟಿ ಕಟ್ಟಿ, ಮಣ್ಣು ಉಸುಕು ತುಂಬಿ, ಚೀಲದ ಹೆಪ್ಪು ಉದುರಿಸಿ, ಮೇಲೆ ಒತ್ತಾಗಿ ಜೋಳ ಬಿತ್ತಿದರು. ಜೋಳದ ಬೇರಿನಲ್ಲಿ ಎಳೆ ಹಬ್ಬಬೇಕು. ಹಬ್ಬಿದ ಮೇಲೆ ನೀರು ನಿಲ್ಲಿಸಿ, ಮೇಲಿನ ಜೋಳ ಕೊಯ್ದು, ಬೇರನ್ನು ಮಣ್ಣಿನ ಸಮೇತ ಕೊಚ್ಚಿ ಚೀಲ ತುಂಬಬೇಕು. ಕುಷ್ಟಗಿ ಸುತ್ತ ಹೊಸದಾಗಿ ದಾಳಿಂಬೆ ನೆಡುವವರು ಪ್ರತಿ ಸಸಿಯ ಬುಡಕ್ಕೆ ಒಂದೊಂದು ಹಿಡಿ ಹಾಕುತ್ತೇವೆಂದು ಒಪ್ಪಿದ್ದರು. ಚೀಲ ಇಡಲು ನನ್ನ ಕಟ್ಟೆ ಇತ್ತು. ಅಕ್ಕಾರು ಚೀಲ ತುಂಬುವ ತಿಂಗಳ ಕೊನೆಗೇ ನಿವೃತ್ತರಾಗುವವರು. "ಲ್ಯಾಬಿನಾಗ ನಾ ಬೆಳಸಿದ್ದು ನನ್ನ ಕೂಡ ಮನಿಗೆ ಹೋಗತೈತಿ ಸಾವಕಾರ್ರ. ಈ ಹೆಣ್ಮಕ್ಕಳು ಬೆಳಸಿದ್ರ ಊರಾಗ ಉಳಿತೈತಿ. ಇದೊಂದು ನೋಡಿ ಮನಿಗೆ ಹೋಗಬೇಕು" ಎಂದಿದ್ದರು.

ಚೀಲ ತರಲು ಸಣ್ಣ ಗಾಡಿಯಲ್ಲಿ ಅಕ್ಕಾರನ್ನು ಕೂರಿಸಿಕೊಂಡು ನಾನೇ ಹೋದೆ. ಹಿತ್ತಲಿಗೆ ಕಾಲಿಟ್ಟರೆ ಜೋಳ ಆಳೆತ್ತರ ನಿಂತಿತ್ತು. ಎಲೆ ಅಗಲವಾಗಿ, ಕಪ್ಪು ಮಿಶ್ರಿತ ಹಸಿರಾಗಿ, ನೋಡಿದವರ ದೃಷ್ಟಿ ತಾಗುವಂತಿತ್ತು. ಹಿಂದಿನ ದಿನ ಇಲಾಖೆಯ ದೊಡ್ಡ ಸಾಹೇಬರು ಬಂದು ಹೊಗಳಿ, ಫೋಟೋ ತೆಗೆಸಿಕೊಂಡು ಹೋಗಿದ್ದರಂತೆ. ಹೆಣ್ಣುಮಕ್ಕಳೆಲ್ಲ ಇಳಕಲ್ ಸೀರೆ ಉಟ್ಟು ನಿಂತಿದ್ದರು. ಅಕ್ಕಾರು ಒಳಗೆ ಬಂದು ಜೋಳ ನೋಡಿದರು.

"ಇದು ಇಷ್ಟ್ಯಾಕ ಚಂದ ಐತಿ?"

ಎಲ್ಲರೂ ನಕ್ಕರು, ಹೊಗಳಿಕೆ ಎಂದುಕೊಂಡರು. ಅಕ್ಕಾರು ನಗಲಿಲ್ಲ.

ಅವರಲ್ಲಿ ಬೇರು ನೋಡುವ ಒಂದು ವಿಧಾನವಿತ್ತು. ಬೇರನ್ನು ಕ್ಷಾರದ ನೀರಿನಲ್ಲಿ ಕುದಿಸಿ ತೊಳೆದು, ಶಿರ್ಕಾ, ಅಂದರೆ ವಿನೆಗರ್, ಬೆರೆಸಿದ ನೀಲಿ ಶಾಯಿಯಲ್ಲಿ ಅದ್ದಿ ಇನ್ನೊಮ್ಮೆ ಕುದಿಸುವುದು. ಬೇರು ಬಣ್ಣ ಬಿಡುತ್ತದೆ, ಒಳಗಿನ ಎಳೆ ಮಾತ್ರ ನೀಲಿ ಹಿಡಿದು ಉಳಿಯುತ್ತದೆ. ನನ್ನ ಅಂಗಡಿಯ ಪಕ್ಕದ ಪುಸ್ತಕದಂಗಡಿಯವನು ಶಾಯಿ ಬಾಟಲಿ ತರಿಸುತ್ತಿದ್ದುದೇ ಅಕ್ಕಾರೊಬ್ಬರಿಗಾಗಿ. ಗಂಗವ್ವನ ಒಲೆಯ ಮೇಲೆ ಅವೆಲ್ಲ ಕುದಿದವು. ಪಡಸಾಲೆಯ ಬಾಗಿಲ ಬೆಳಕಿಗೆ ತಾವು ತಂದಿದ್ದ ಸೂಕ್ಷ್ಮದರ್ಶಕ ಇಟ್ಟು ಕಣ್ಣು ಹಚ್ಚಿದರು. ಗಾಜಿನ ತುಂಡನ್ನು ಆಚೆ ಸರಿಸಿದರು, ಈಚೆ ಸರಿಸಿದರು. ಇನ್ನೊಂದು ಬೇರು ಇಟ್ಟರು. ತೊಟ್ಟಿಯ ಬೇರೆ ಬೇರೆ ಮೂಲೆಯಿಂದ ಬೇರು ತರಿಸಿದರು. ಚಹಾ ಆರಿತು.

"ಗಂಗವ್ವ, ಡಿಎಪಿ ಹಾಕೀರೇನು?"

ಹೆಂಗಸರು ಒಬ್ಬರ ಹಿಂದೊಬ್ಬರು ಸರಿದರು. ಕಡೆಗೆ ಗಂಗವ್ವನೇ ಮುಂದೆ ಬಂದಳು.

"ಹಾಕೀವ್ರಿ ಅಕ್ಕಾರ. ಮನ್ಯಾಗ ಉಳದದ್ದು ಇತ್ತು. ಜ್ವಾಳ ಬಿಳಿಚಿ ನಿಂತಿತ್ರಿ. ಸಾಹೇಬ್ರು ಬರ್ತಾರ ಅಂದ್ರು. ಬಂದವ್ರು ಏನಂದಾರು? ಮಂಗಳೂರು ಹೆಣ್ಮಕ್ಕಳು ಬೆಳಿಗೆ ಉಪಾಸ ಕೆಡವ್ಯಾರ ಅನ್ನಂಗಿಲ್ಲೇನ್ರಿ? ನಮ್ಮ ಹಿತ್ತಲಾಗ ಹಂಗ ಸೊರಗಿದ ಬೆಳಿ ನಿಂತದ್ದು ಇಲ್ರಿ ಎಂದೂ."

ನಮ್ಮ ಕಡೆಯ ಹೆಣ್ಣುಮಕ್ಕಳು ಮಾತ್ರ ಮಾಡಬಹುದಾದ ತಪ್ಪು ಅದು. ಮನೆಗೆ ಬಂದವರ ಕಣ್ಣಿಗೆ ಬೆಳೆ ಹಸಿದಂತೆ ಕಾಣಬಾರದು. ಮಕ್ಕಳ ಮುಖ ತೊಳೆದು ಪೌಡರು ಹಚ್ಚುವಂತೆ ಜೋಳಕ್ಕೆ ಒಂದಿಷ್ಟು ಡಿಎಪಿ ಹಾಕಿದ್ದರು. ಒಮ್ಮೆ ಹಾಕಿದ್ದು ಚಂದ ಕಂಡಿತೆಂದು ಇನ್ನೊಮ್ಮೆ ಹಾಕಿದ್ದರು.

"ಬೇರಿನಾಗ ಎಳಿ ಇಲ್ಲ" ಎಂದರು ಅಕ್ಕಾರು. "ಖಾಲಿ ಐತಿ."

ಬೇಸಿಗೆಯಿಡೀ ಕೊಡ ಹೊತ್ತು ನೀರುಣಿಸಿದವರು ಆ ಹೆಂಗಸರು. ಗಾಡಿ ಬಾಗಿಲಲ್ಲಿ ನಿಂತಿತ್ತು. ಊರವರು ಕೆಲವರು ಬಂದು ಇಣುಕುತ್ತಿದ್ದರು. ಗಂಗವ್ವ ದನಿ ತಗ್ಗಿಸಿ, ಅಕ್ಕಾರ ಮೊಳಕಾಲು ಮುಟ್ಟಿ ಹೇಳಿದಳು: "ಅಕ್ಕಾರ, ಮಣ್ಣ ಅಲ್ಲೇನ್ರಿ? ಹಾಕಿದ್ರ ಕೇಡಂತೂ ಆಗಂಗಿಲ್ಲ. ಇದೊಂದ ಸಲ ಹೋಗಲಿ ಬಿಡ್ರಿ. ಯಾರಿಗೆ ಗೊತ್ತಾಕೈತಿ?"

"ಗಿಡಕ್ಕ ಗೊತ್ತಾಕೈತಿ, ಗಂಗವ್ವ."

ಅಷ್ಟೇ. ಬೈಗುಳಕ್ಕೆ ಹೆಸರಾದ ಅಕ್ಕಾರು ಅಂದು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ನನಗೆ. ಗಂಗವ್ವ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ಅಕ್ಕಾರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಸ ಚಹಾ ಮಾಡಲು ಹೇಳಿ, ಸಕ್ಕರೆ ಜಾಸ್ತಿ ಹಾಕಲು ಹೇಳಿ, ಆಮೇಲೆ ಕೇಳಿದರು:

"ನಿನ್ನ ಹೊಲದ ಕೆಲಸಕ್ಕ ದಿನಾ ಬೆಳಗಾದ್ರ ಪುಕ್ಕಟ ಆಳು ಬಂದು ನಿಂತ್ರು ಅನ್ಕೋ. ಆಗ ನೀ ಇವ್ರ ಹೊಲಕ್ಕ ಮುಯ್ಯಿ ಹೊಕ್ಕಿಯೇನು?"

"ನಾ ಯಾಕ ಹೋಗ್ಲಿರಿ? ನನಗ ಯಾರ ಗರಜು?"

"ಜ್ವಾಳಾನೂ ಹಂಗ ಅಂತು. ಎಳಿ ರಂಜಕ ತಂದು ಕೊಡಬೇಕು, ಜ್ವಾಳ ಸಕ್ಕರಿ ಕೊಡಬೇಕು, ಅದು ಅವರಿಬ್ಬರ ಮುಯ್ಯಿ. ನೀವು ಡಿಎಪಿ ತಂದು ಬಾಯಿಗೆ ಇಟ್ರಿ. ಅದಕ್ಕ ಎಳಿದು ಗರಜ ಉಳೀಲಿಲ್ಲ. ಸಕ್ಕರಿ ಕೊಡೂದು ಬಿಡ್ತು. ಎಳಿ ಹಸದು ಹೋತು."

ಗುಂಪಿನ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಎಷ್ಟೋ ಸಲ ಕೇಳಿದ್ದರೂ ಅರೆಬರೆ ತಿಳಿದಿದ್ದ ಮಾತು ಅವರಿಗೆ ಆ ಕ್ಷಣಕ್ಕೇ ತಿಳಿದುಹೋಯಿತು. "ಹಂಗಾರ ನಾವ ಮುಯ್ಯಿ ಮುರದ್ವಿ" ಎಂದಳು ಒಬ್ಬಳು, ಬಹಳ ಮೆಲ್ಲಗೆ. ಚಂದದ ಜೋಳವನ್ನು ಎಮ್ಮೆಗೆ ಹಾಕಲು ಹೇಳಿ ಅಕ್ಕಾರು ಎದ್ದರು. "ಒಬ್ಬರಾದ್ರೂ ಖುಷಿ ಪಡ್ಲಿ" ಎಂದರು. ಗಾಡಿ ಖಾಲಿಯೇ ಬಂತು. ಅಕ್ಕಾರು ಮುಂದೆ ನನ್ನ ಪಕ್ಕ ಕೂತಿದ್ದರು. ದಾರಿಯಲ್ಲಿ ಒಮ್ಮೆ ಮಾತ್ರ, "ಹುಡುಗ್ಯಾರು ಇನ್ನ ಮಾಡಂಗಿಲ್ಲ ಅಂದ್ರ ಏನ ಮಾಡ್ಲಿ ಸಾವಕಾರ್ರ?" ಎಂದರು.

ತಿಂಗಳ ಕೊನೆಗೆ ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಉಪ್ಪಿಟ್ಟು ಶಿರಾ ಹಂಚಿ ಕಳಿಸಿಕೊಟ್ಟರು. ಇನ್ನು ಮನೆಯಲ್ಲಿ ಗಂಡನ ಎದುರು ಕೂತು ಮಾತಾಡುತ್ತಾರೆ, ಪಾಪ ಆ ಮನುಷ್ಯ, ಎಂದುಕೊಂಡೆ. ಒಂದು ಬೆಳಿಗ್ಗೆ ಗಂಗವ್ವ ಬಾಗಿಲು ತೆರೆದರೆ ಹಸಿ ಚೀಲ ಹಿಡಿದುಕೊಂಡು ಅಕ್ಕಾರು ನಿಂತಿದ್ದಾರೆ. ಹಳೆಯ ನೂಲಿನ ಸೀರೆ, ತಲೆಗೆ ಟವೆಲ್ಲು. "ಮುಯ್ಯಾಳು ಬಂದೀನಿ. ಏನ ಕೆಲಸ ಹೇಳ್ತೀ ಹೇಳು" ಎಂದರಂತೆ. ಸಂಬಳದ ಅಕ್ಕಾರು ಆಗಿದ್ದರೆ ಆ ಹೆಂಗಸರು ಇನ್ನೊಮ್ಮೆ ತೊಟ್ಟಿಗೆ ಕೈ ಹಚ್ಚುತ್ತಿದ್ದರೋ ಇಲ್ಲವೋ. ಮುಯ್ಯಿ ಬಂದವರನ್ನು ಬಾಗಿಲಿಂದ ತಿರುಗಿ ಕಳಿಸುವುದು ಮಾತ್ರ ಅವರಿಂದ ಆಗದ ಕೆಲಸ. ಹಳೆಯ ಮಣ್ಣು ತೆಗೆದರು, ಹೊಸದು ತುಂಬಿದರು. ಜೋಳ ಬಂತು, ಬಿಳಿಚಿತು. ಡಿಎಪಿ ಹಾಕಲು ಗಂಗವ್ವನ ಕೈ ತುರಿಸಿತು. ಬೀಗರು ಮನೆಗೆ ಬಂದಾಗ ಸೊರಗಿದ ಜೋಳ ಕಾಣದಂತೆ ತೊಟ್ಟಿಗೆ ಅಡ್ಡ ಹಳೆಯ ಸೀರೆ ಕಟ್ಟಿ ಮರ್ಯಾದೆ ಉಳಿಸಿಕೊಂಡಳು.

ಈ ಸಲ ಬೇರು ಕುದಿಸಿದ್ದು ಹೆಂಗಸರೇ. ಮೊದಲು ಕಣ್ಣು ಹಚ್ಚಿದ್ದು ಗಂಗವ್ವ. ಒಂದು ಕಣ್ಣು ಮುಚ್ಚಲು ಬಾರದೆ ಸೆರಗಿನಿಂದ ಮುಚ್ಚಿಕೊಂಡು ನೋಡಿದಳು. "ಐತ್ರಿ! ಅಯ್ಯಯ್ಯ, ಐತ್ರಿ ಅಕ್ಕಾರ! ನೀಲಿ ದಾರದಾಗ ಹೊಲಿಗಿ ಹಾಕ್ದಂಗ ಐತಿ. ನಡುನಡುವ ಗುಂಡಿ ಹಚ್ಚ್ಯಾವ!" ಒಬ್ಬೊಬ್ಬರೇ ಬಗ್ಗಿ ನೋಡಿ ಕಿರುಚಿದರು. ನಾನೂ ನೋಡಿದೆ. ನಿಜಕ್ಕೂ ದಾರ, ನಿಜಕ್ಕೂ ಗುಂಡಿ. ತಲೆ ಎತ್ತಿದರೆ ಅಕ್ಕಾರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು. ನಾನು ನೋಡಿದ್ದು ಗೊತ್ತಾಗಿ, "ಏನ ನೋಡ್ತೀರಿ, ಗಾಡಿ ಬಿಸಲಾಗ ನಿಂತೈತಿ, ಮೊದಲು ನೆರಳಿಗೆ ಹಚ್ರಿ" ಎಂದು ಗದರಿದರು. ಆ ಚೀಲಗಳು ಕುಷ್ಟಗಿಗೆ ಬಂದು ನನ್ನ ಕಟ್ಟೆ ಏರಿದವು. ಅಂದಿನಿಂದ ಇವತ್ತಿನವರೆಗೆ ಆ ಕಟ್ಟೆ ಮಂಗಳೂರಿನ ಹೆಂಗಸರದು.

ಚೀಲ ಗಾಡಿಗೇರಿಸುವಾಗ ಆಡಿದ ಒಂದು ಮಾತು ನೆನಪಿದೆ. ಅಕ್ಕಾರು ಗಂಗವ್ವನನ್ನು ಕೆಣಕಿದರು: "ನನ್ನ ಮುಯ್ಯಿ ಯಾವಾಗ ತೀರಸ್ತಿಯೇ?"

"ತೀರಸ್ತೀವ್ರಿ. ಆದ್ರ ನಿಮಗ ಹೊಲಾನ ಇಲ್ಲಲ್ರಿ ಅಕ್ಕಾರ. ಎಲ್ಲಿ ಬಂದು ತೀರಸೂಣು?"

"ಹೌದಲ್ಲ" ಎಂದರು ಅಕ್ಕಾರು. ನಕ್ಕರು. ಚೀಲವೊಂದರ ಬಾಯಿಯ ಗಂಟನ್ನು ಬಿಗಿ ಮಾಡಿದರು. "ಇರ್ಲಿ ಬಿಡು, ಬಾಕಿ ಇರ್ಲಿ. ಅದರ ನೆವಾದಾಗ ನೆನೀತೀರಿ."

ಹೋದ ತಿಂಗಳು ಒಂದು ಬೆಳಿಗ್ಗೆ ಅವರ ಗಂಡನ ಫೋನು ಬಂತು. ಹೃದಯ ನಿಂತಿತ್ತು. ನಾನು ಮುನಿರಾಬಾದಿಗೆ ಮಣ್ಣಿಗೆ ಹೋದೆ. ಅವರಲ್ಲಿ ಹೂಳುವ ಪದ್ಧತಿ. ಕಾಲುವೆಯಿಂದ ಅಷ್ಟು ದೂರವಲ್ಲದ ರುದ್ರಭೂಮಿಯಲ್ಲಿ ಕುಣಿ ತೋಡಿದ್ದರು. ಕ್ರಿಯೆಗಳು ಮುಗಿದು, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುವ ಹೊತ್ತಿಗೆ ರಸ್ತೆಯ ಕಡೆಯಿಂದ ಹೆಂಗಸರ ಗುಂಪೊಂದು ಓಡುತ್ತ ಬಂತು. ಮಂಗಳೂರಿನಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದರು. ಗಂಗವ್ವನ ಕಂಕುಳಲ್ಲಿ ಹಸಿ ಬಟ್ಟೆ ಸುತ್ತಿದ ಗಂಟೊಂದಿತ್ತು. ಗಂಟು ಬಿಚ್ಚಿದರೆ ಮಣ್ಣು, ಕೊಚ್ಚಿದ ಜೋಳದ ಬೇರು. ಅವರದೇ ತೊಟ್ಟಿಯದು.

ಅಲ್ಲಿದ್ದ ಹಿರಿಯರೊಬ್ಬರು ಕೈ ಅಡ್ಡ ಮಾಡಿದರು. "ಹೊರಗಿನ ಮಣ್ಣ ಯಾಕವ್ವ ತಂಗಿ? ಇಲ್ಲೇ ಐತೆಲ್ಲಾ."

ಗಂಗವ್ವನಿಗೆ ಏದುಸಿರು. "ಮುಯ್ಯಿ ಐತ್ರಿ, ಯಜ್ಜಾರ. ಅಕ್ಕಾರು ನಮ್ಮ ಹಿತ್ತಲಾಗ ದುಡದಾರ. ಅವರಿಗೆ ಹೊಲಾ ಇರಲಿಲ್ಲ, ತೀರಸಾಕ ಆಗಿದ್ದಿಲ್ರಿ." ಕುಣಿಯ ಕಡೆ ನೋಡಿದಳು. "ಈಗ ಒಂದೀಟು ನೆಲಾ ಆತಲ್ರಿ."

ಹಿರಿಯರು ಅಕ್ಕಾರ ಗಂಡನ ಮುಖ ನೋಡಿದರು. ಕುಣಿಯ ಅಂಚಿನಲ್ಲಿ ನಿಂತಿದ್ದ ಆ ಮನುಷ್ಯ, "ಹಾಕ್ಲಿ ಬಿಡ್ರಿ. ಆಕೀಗೆ ಬೇಕಾದದ್ದು ಅದ" ಎಂದರು.

ಒಬ್ಬೊಬ್ಬರಾಗಿ ಹಾಕಿದರು. ಗಂಗವ್ವ ಗಂಟನ್ನು ನನ್ನ ಮುಂದೆಯೂ ಹಿಡಿದಳು. ಕೈ ಹಾಕುವ ಮೊದಲು, ರೂಢಿಯಾಗಿಬಿಟ್ಟಿದೆಯಲ್ಲ, ಅಂಗೈಯ ಹಿಂಬದಿಯನ್ನು ಆ ಹಸಿ ಬಟ್ಟೆಗೆ ಹಚ್ಚಿ ನೋಡಿದೆ. ಅಷ್ಟು ದೂರದಿಂದ, ಅಂಥ ಬಿಸಿಲಿನಲ್ಲಿ ತಂದಿದ್ದರೂ ತಣ್ಣಗಿತ್ತು.